ವೊರೊನ ಬಾಗಿಲಿಗೆ ಬ್ಯಾಂಡು

ವೊರೊ ತನ್ನ ಬೊಂಬಾರ್ದಿನೊ ಎತ್ತಿ ಒಮ್ಮೆ ಊದಿದನೆಂದರೆ ಬೆನಿಮೊರದ ಬಯಲಿನ ಕಿತ್ತಳೆಗಳೆಲ್ಲ ನಿಂತ ನಿಲುವಿನಲ್ಲೇ ಹಣ್ಣಾಗುತ್ತಿದ್ದವು. ಬೊಂಬಾರ್ದಿನೊ ಎಂದರೆ ಎಳೆಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಊದುವ, ದಪ್ಪ ಹೊಟ್ಟೆಯ ಹಿತ್ತಾಳೆ ವಾದ್ಯ. ಅದರ ಕೆಳಗಿನ ಸ್ವರ ಹೊರಟರೆ ಸಮುದ್ರದಾಚೆಯ ದ್ವೀಪಗಳಲ್ಲಿ ಕೋಳಿಗಳು ಬೆಳಗಾಯಿತೆಂದು ಎದ್ದು ಕೂಗುತ್ತಿದ್ದವು. ಒಮ್ಮೆಯಂತೂ ನಮ್ಮ ಪಾದ್ರಿಯ ಬೋಳುತಲೆಯಲ್ಲಿ ಕೂದಲು ಮೊಳೆತು ಆತ ಬಾಚಣಿಗೆ ಕೊಳ್ಳಬೇಕಾಯಿತು. ನಂಬದವರು ಪಾದ್ರಿಯನ್ನೇ ಕೇಳಬಹುದಿತ್ತು, ಪಾಪ ಈಗ ಇಲ್ಲ. ಇನ್ನು ಊರಿನ ಬಡಮಕ್ಕಳ ವಿಷಯ. ಅವರನ್ನು ಸಂಗೀತಕ್ಕೆ, ಈಜಿಗೆ, ಚದುರಂಗಕ್ಕೆ ಸೇರಿಸುವ ಸ್ವಯಂಸೇವಕರ ಗುಂಪೊಂದು ಬೆನಿಮೊರದಲ್ಲಿದೆ, ಹೆಚ್ಚಿನವರು ಬ್ಯಾಂಡಿನ ಹಳಬರು. ಆ ಗುಂಪು ಎಂದರೆ ವೊರೊ ಒಬ್ಬನೇ ಎಂದು ತಿಳಿದರೆ ತಪ್ಪಿಲ್ಲ. ಉಳಿದವರು ಅವನ ನೆರಳಿನಲ್ಲಿ ನಿಂತು ಕಾಫಿ ಕುಡಿದವರು. ಇದನ್ನೆಲ್ಲ ನಾನು ಹತ್ತಿರದಿಂದ ಕಂಡವನು. ವೊರೊನಿಗೂ ನನಗೂ ನಡುವೆ ಒಂದು ಅಂಗಿಯ ದಪ್ಪದಷ್ಟೂ ಅಂತರವಿರಲಿಲ್ಲ.

ಸಂಗೀತಗಾರರನ್ನು ಕಾಯುವ ಸಂತ ಸೆಸಿಲಿಯಾಳ ಹಬ್ಬದ ಬೆಳಿಗ್ಗೆ ಅಂಥ ವೊರೊ ಗಡ್ಡ ಹೆರೆದುಕೊಳ್ಳುವಾಗ ಕೈತಪ್ಪಿ ಕೊಯ್ದುಕೊಂಡ. ಗಲ್ಲದ ಮೇಲೆ ಒಂದು ಕೆಂಪು ಗೆರೆ ಮೂಡಿ ನೊರೆಯೊಳಗೆ ಹರಡಿಕೊಂಡದ್ದನ್ನು ಅವನು ಬೇರೆ ಯಾರದೋ ಮುಖವೆಂಬಂತೆ ನೋಡುತ್ತ ನಿಂತ. ಬೀದಿಯ ಆ ತುದಿಯಲ್ಲೆಲ್ಲೋ ತೋಫೊಲ್ ತನ್ನ ದೊಡ್ಡ ಡೋಲನ್ನು ಬಿಗಿಮಾಡುತ್ತಿದ್ದ. ದುಮ್ ಎಂದು ಒಂದು ಪೆಟ್ಟು, ಮತ್ತೆ ಮೌನ. ಆ ಮೌನದಲ್ಲಿ ವೊರೊನಿಗೆ ಕೇಳಿಸುತ್ತಿದ್ದುದು ಒಂದೇ ಯೋಚನೆ: ಬ್ಯಾಂಡಿನ ಹೊಸ ಹುಡುಗಿ ಇಲಿಂಕಾಳ ತಾಯಿಗೆ ಯಾರೂ ಏನೂ ಹೇಳದೇ ಇರಲಿ. ಬೆನಿಮೊರದಲ್ಲಿ ಒಂದು ಮಗು ಬ್ಯಾಂಡಿಗೆ ಸೇರಿತು ಅನ್ನಿಸಿಕೊಳ್ಳುವುದು ಸ್ವರ ಕಲಿತಾಗ ಅಲ್ಲ, ಸಮವಸ್ತ್ರ ತೊಟ್ಟಾಗಲೂ ಅಲ್ಲ. ಸಂತ ಸೆಸಿಲಿಯಾಳ ದಿನ ಇಡೀ ಬ್ಯಾಂಡು ಬಾರಿಸುತ್ತ ನಡೆದು ಆ ಮಗುವಿನ ಮನೆಬಾಗಿಲಿಗೆ ಹೋಗಬೇಕು, ಮನೆಯವರು ಬಾಗಿಲಲ್ಲಿ ನಿಂತು ಎಲ್ಲರಿಗೂ ತಿನ್ನಲು ಕುಡಿಯಲು ಕೊಡಬೇಕು, ಆಮೇಲೆ ಮಗು ತನ್ನ ವಾದ್ಯ ಎತ್ತಿಕೊಂಡು ಹೊಸ್ತಿಲು ದಾಟಿ ಮುಂದಿನ ಸಾಲಿನಲ್ಲಿ ನಿಲ್ಲಬೇಕು. ಯಾರ ಬಾಗಿಲಿಗೆ ಬ್ಯಾಂಡು ಹೋಗಲಿಲ್ಲವೋ ಅವರು ಎಷ್ಟು ಚೆನ್ನಾಗಿ ಊದಿದರೂ ಎರವಲು ಬಂದವರೇ. ಮುದುಕರಾದ ಮೇಲೂ ಜನ ಪರಸ್ಪರ ಕೇಳುವುದು ಅದನ್ನೇ: ನಿನ್ನನ್ನು ಕರೆದೊಯ್ಯಲು ಬಂದ ವರ್ಷ ಮಳೆಯಿತ್ತಲ್ಲವಾ? ನಿಮ್ಮಮ್ಮ ಬಡಿಸಿದ್ದೇನು? ಈ ವರ್ಷ ಹೊಸಬಳು ಇಲಿಂಕಾ ಒಬ್ಬಳೇ. ಅವಳ ಮನೆ ಒಣಹಳ್ಳದ ಆಚೆ, ಕಿತ್ತಳೆ ತೋಟದೊಳಗಿನ ಹಳೆಯ ಪಂಪುಮನೆ. ಬ್ಯಾಂಡು ಈ ದಿನ ಅಲ್ಲಿಗೆ ಹೋಗುತ್ತಿರಲಿಲ್ಲ. ವೊರೊನ ಮನೆಗೆ ಬರುತ್ತಿತ್ತು.

ಹಾಗೆಂದು ತೀರ್ಮಾನವಾದ ಸಭೆಯಲ್ಲಿ ವೊರೊ ತನ್ನ ಕುರ್ಚಿಯ ತುದಿಯಲ್ಲಿ ಕೂತಿದ್ದ. ಬ್ಯಾಂಡಿನ ಅಧ್ಯಕ್ಷೆ ಫಿನಾ, ಮಾಂಸದಂಗಡಿಯವಳು, ಕೈಯಲ್ಲಿ ಕತ್ತಿ ಇಲ್ಲದಿದ್ದರೂ ಇದ್ದಂತೆಯೇ ಮಾತಾಡುವವಳು, "ಹಳ್ಳ ದಾಟಿ ಹೋಗೋದಾದ್ರೆ ಒಂದು ಗಂಟೆ ಮೊದಲೇ ಹೊರಡ್ಬೇಕು. ತೋಫೊಲ್, ನಿನ್ನ ಮಂಡಿ ತಡ್ಕೊಳ್ಳುತ್ತಾ?" ಎಂದಿದ್ದಳು. "ನನ್ನ ಮಂಡಿ ಸ್ವರ್ಗದ ಬಾಗಿಲವರೆಗೂ ಬರುತ್ತೆ, ಅಲ್ಲಿ ತಿನ್ನೋಕೆ ಏನಾದ್ರೂ ಕೊಡೋದಾದ್ರೆ," ಎಂದ ತೋಫೊಲ್. ಎಲ್ಲರೂ ನಕ್ಕರು. ಆ ನಗುವಿನ ನಡುವೆ, ನಗುವಿನ ಬೆಚ್ಚಗಿನ ಮರೆಯಲ್ಲಿ, ವೊರೊನ ಬಾಯಿ ತಾನಾಗಿ ತೆರೆದುಕೊಂಡಿತು. "ಆ ತಾಯೀನೇ ಬರಬೇಡಿ ಅಂದಿದಾಳೆ ಕಣ್ರಪ್ಪ. ಜಾಗ ಇಲ್ಲ, ಸಂಕೋಚ ಆಗುತ್ತೆ, ನಿಮ್ಮ ಮನೆಯಿಂದ್ಲೇ ಕರ್ಕೊಂಡು ಹೋಗಿ ಅಂತ ಕೈ ಹಿಡ್ಕೊಂಡು ಕೇಳ್ಕೊಂಡ್ಲು." ಕೈ ಹಿಡಿದುಕೊಂಡು ಎಂಬುದು ಯಾಕೆ ಬಂತೋ. ಹುಡುಗಿಯ ತಾಯಿ ವಿಯೊರಿಕಾ ಎಂದೂ ಅವನ ಕೈ ಹಿಡಿದಿರಲಿಲ್ಲ. ಕೈ ಹಿಡಿಯುವಷ್ಟು ಹತ್ತಿರ ಅವನು ನಿಂತಿರಲೇ ಇಲ್ಲ. ಫಿನಾ ಒಂದು ಕ್ಷಣ ಅವನ ಮುಖವನ್ನೇ ನೋಡಿ, "ಅವಳು ಹಾಗಂದ್ರೆ ಹಾಗೇ ಆಗ್ಲಿ," ಎಂದು ಮುಂದಿನ ವಿಷಯಕ್ಕೆ ಹೋದಳು. ಅಷ್ಟು ಸುಲಭವಾಗಿ ಆಗಿಹೋದದ್ದರಿಂದ ವೊರೊನಿಗೆ ಅದು ಸುಳ್ಳೆಂದೇ ಅನ್ನಿಸಲಿಲ್ಲ, ಸ್ವಲ್ಪ ಮುಂಚಿತವಾಗಿ ಹೇಳಿದ ನಿಜ ಅನ್ನಿಸಿತು. ಹೋಗಿ ವಿಯೊರಿಕಾಳಿಗೆ ವಿವರಿಸಿದರಾಯಿತು, ಅವಳೂ ಒಪ್ಪಿಯೇ ಒಪ್ಪುತ್ತಾಳೆ, ಬಡವರಿಗೆ ಖರ್ಚಿನ ಚಿಂತೆ ಇರುವುದಿಲ್ಲವೇ. ಹೋಗಲಿಲ್ಲ. ನಾಳೆ ಎಂದುಕೊಂಡ. ಮರುದಿನ ಗಾಳಿಯಿತ್ತು.

ಗಲ್ಲದ ಗಾಯಕ್ಕೆ ಕಾಗದದ ಚೂರು ಅಂಟಿಸಿಕೊಳ್ಳುತ್ತ ಅವನು ಲೆಕ್ಕ ಹಾಕಿದ್ದು ತಾನು ಆ ಹುಡುಗಿಗೆ ಮಾಡಿದ ಉಪಕಾರಗಳನ್ನು. ಪ್ರತಿ ಶನಿವಾರ ವ್ಯಾನು ತೆಗೆದುಕೊಂಡು ಹೋಗಿ ಹಳ್ಳದ ಸೇತುವೆಯ ಮೇಲೆ ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದ. ಮರಗಳ ನಡುವಿನಿಂದ ಹುಡುಗಿ ಓಡಿ ಬರುತ್ತಿದ್ದಳು, ಬಸವನಹುಳುವಿನಂತೆ ಸುರುಳಿ ಸುತ್ತಿದ ಹಿತ್ತಾಳೆ ಕೊಂಬಿನ ಪೆಟ್ಟಿಗೆ ಅವಳ ಕಾಲಿಗೆ ಬಡಿಯುತ್ತಿತ್ತು. ಆ ಕೊಂಬು ಕೊಟ್ಟದ್ದು ಯಾರು? ಕಿಲುಬು ಹಿಡಿದ ಗುಂಡಿಗಳನ್ನು ಎಣ್ಣೆ ಹಾಕಿ ಬಿಡಿಸಿದ್ದು ಯಾರು? ತಾನು ಕಲಿಸುವವನಲ್ಲ, ಕರೆತಂದು ಬಿಡುವವನು ಮಾತ್ರ. ಆದರೂ ಹುಡುಗಿಗೆ ತನ್ನನ್ನು ಮೇಷ್ಟ್ರೇ ಎಂದು ಕರೆಯಲು ಹೇಳಿಕೊಟ್ಟಿದ್ದ. ಒಮ್ಮೆ ಹಾರನ್ನಿಗೆ ಹುಡುಗಿಯ ಬದಲು ತಾಯಿ ಬಂದಳು, ಕೈಯಲ್ಲಿ ಕಾಫಿಯ ಲೋಟದೊಂದಿಗೆ. "ಒಳಗೆ ಬನ್ನಿ. ಒಂದು ನಿಮಿಷ ಕೂತ್ಕೊಳ್ಳಿ," ಎಂದಳು, ನಮ್ಮ ಭಾಷೆಯನ್ನು ಒಂದೊಂದು ಕಲ್ಲಿನ ಮೇಲೆ ಕಾಲಿಟ್ಟು ಹೊಳೆ ದಾಟುವವಳಂತೆ. ವೊರೊ ಗಡಿಯಾರ ತೋರಿಸಿದ. ಲೋಟ ಕೂಡ ಕಿಟಕಿಯಿಂದಲೇ ತೆಗೆದುಕೊಂಡು, ಎರಡು ಗುಟುಕು ಕುಡಿದು, ಇಂಜಿನ್ ಆರಿಸದೆ ವಾಪಸ್ಸು ಕೊಟ್ಟ. ಅವಳು ಆ ಲೋಟ ಹಿಡಿದು ಸೇತುವೆಯ ಮೇಲೆ ನಿಂತಿದ್ದದ್ದು ಕನ್ನಡಿಯಲ್ಲಿ ಚಿಕ್ಕದಾಗುತ್ತ ಹೋಯಿತು. ಆ ಮನೆಯನ್ನು ಅವನು ಸಭೆಗಳಲ್ಲಿ ಎಷ್ಟೋ ಸಲ ವರ್ಣಿಸಿದ್ದ. ಇಲಿಯೂ ಬಾಗಿ ಒಳಹೋಗಬೇಕು, ಮಳೆ ಒಳಗೆ ಮೊದಲು ಬಂದು ಆಮೇಲೆ ಹೊರಗೆ ಹೋಗುತ್ತದೆ ಎಂದು. ಕೇಳಿದವರು ಕಣ್ಣೊರೆಸಿಕೊಂಡಿದ್ದರು. ಅವನು ಅದರ ಬಾಗಿಲಿನ ಬಣ್ಣವನ್ನೂ ನೋಡಿರಲಿಲ್ಲ. ಮತ್ತೆ ಆ ಫೋಟೋ. ಗುಂಪಿನ ಕ್ಯಾಲೆಂಡರಿಗೆಂದು ಮಕ್ಕಳ ಫೋಟೋ ತೆಗೆಯುವ ದಿನ ಇಲಿಂಕಾ ಕೆಂಪು ಪಟ್ಟಿಯ ಹೊಸ ಬೂಟು ಹಾಕಿಕೊಂಡು ಬಂದಿದ್ದಳು. ತಾಯಿ ತೆಗೆದುಕೊಟ್ಟದ್ದು, ಬೇಕೆಂದೇ ಕಾಲು ಮುಂದೆ ಮುಂದೆ ಇಡುತ್ತಿದ್ದಳು. ವೊರೊ ಅವಳನ್ನು ಪಕ್ಕಕ್ಕೆ ಕರೆದು, "ಪುಟ್ಟಿ, ಹಳೇ ಚಪ್ಪಲಿ ಇಲ್ವಾ? ಫೋಟೋಗೆ ಅದೇ ಚೆನ್ನಾಗಿರುತ್ತೆ," ಎಂದಿದ್ದ. ಅವಳು ಬೂಟು ಬಿಚ್ಚಿ, ಅಟ್ಟೆಯ ಮಣ್ಣು ಒರೆಸಿ, ಗೋಡೆಗೆ ಒರಗಿಸಿಟ್ಟು, ಬರಿಗಾಲಲ್ಲಿ ನಿಂತಳು. ಫೋಟೋ ಬಹಳ ಚೆನ್ನಾಗಿ ಬಂದಿತ್ತು. ಅದು ಈಗ ಅಡುಗೆಮನೆಯ ಗೋಡೆಯಲ್ಲಿ ನೇತಾಡುತ್ತಿದೆ. ವೊರೊ ಉಪ್ಪಿನ ಡಬ್ಬಿ ತೆಗೆಯುವಾಗಲೆಲ್ಲ ಆ ಕಾಲ್ಬೆರಳುಗಳನ್ನು ನೋಡದಿರಲು ಪ್ರಯತ್ನಿಸುತ್ತಾನೆ.

"ಇನ್ನೂ ಕನ್ನಡಿ ಮುಂದೆ ಇದೀಯಾ? ಮದುವೆ ಗಂಡು!" ಎಂದು ಅವನ ಹೆಂಡತಿ ಎಂಪಾರ್ ಕೆಳಗಿನಿಂದ ಕೂಗಿದಳು. ಬಾಗಿಲ ಮುಂದೆ ಮೇಜು ಹಾಕಿ ಆಗಿತ್ತು. ಬಿಳಿ ಬಟ್ಟೆ, ಒಣಗಿಸಿದ ಹಂದಿತೊಡೆ, ಗೆಣಸಿನ ಕಡುಬುಗಳ ಗುಡ್ಡ, ಸಿಹಿ ದ್ರಾಕ್ಷಾರಸ. ವೊರೊ ಬಂದು ಕಡುಬಿನ ತಟ್ಟೆಯನ್ನು ಒಂದು ಬೆರಳಷ್ಟು ಎಡಕ್ಕೆ ಸರಿಸಿದ, ಮತ್ತೆ ಬಲಕ್ಕೆ. "ಆ ಹುಡುಗಿ ತಾಯಿ ಎಷ್ಟೊತ್ತಿಗೆ ಬರ್ತಾಳೆ?" ಎಂದು ಎಂಪಾರ್ ಕೇಳಿದಳು. "ಬರ್ತಾಳೆ, ಬರ್ತಾಳೆ." "ನೀನು ಸರಿಯಾಗಿ ಹೇಳಿದೀಯ ತಾನೇ?" "ನಾನು ಹೇಳಿದ್ದು ಯಾವತ್ತಾದ್ರೂ ತಪ್ಪಿದೆಯೇನೆ?" ಎಂಪಾರ್ ಮೇಜುಬಟ್ಟೆಯ ಮಡಿಕೆ ನೇರಮಾಡಿದಳು. ಅವಳು ಈ ಮೇಜಿಗಾಗಿ ಎಂದೋ ಒಂದು ಬಟ್ಟೆ ಕಸೂತಿ ಹಾಕಿ ಎತ್ತಿಟ್ಟಿದ್ದಳು, ಮಗ ಚಿಮೊ ಕ್ಲಾರಿನೆಟ್ ಹಿಡಿದ ಮೊದಲ ವಾರ. ಸಮವಸ್ತ್ರದ ನೀಲಿ ಕೋಟೂ ಹೊಲಿದು ಬಂದಿತ್ತು. ಚಿಮೊ ಆ ವರ್ಷದ ಹಬ್ಬಕ್ಕೆ ಒಂದು ತಿಂಗಳು ಮುಂಚೆ ಕ್ಲಾರಿನೆಟ್ಟನ್ನು ಹಾಸಿಗೆಯ ಮೇಲಿಟ್ಟು, "ಅಪ್ಪಾ, ನೀನು ಊರಲ್ಲೆಲ್ಲ ನನ್ನ ಬಗ್ಗೆ ಹೇಳ್ಕೊಂಡು ತಿರುಗ್ತೀಯಲ್ಲ, ಆ ಹುಡುಗ ನಾನಲ್ಲ," ಎಂದಿದ್ದ. ಅಷ್ಟೇ. ವೊರೊ ಹುಟ್ಟಿದಾಗಿನಿಂದ ಬ್ಯಾಂಡಿನಲ್ಲಿ ನಡೆದು ಎಲ್ಲರ ಮನೆಗಳ ಹಂದಿತೊಡೆ ತಿಂದವನು, ತನ್ನ ಬಾಗಿಲಿಗೆ ಅದು ತನ್ನ ಮಗುವಿಗಾಗಿ ಬಂದದ್ದನ್ನು ಕಂಡಿರಲಿಲ್ಲ. ಆ ಕೋಟಿನ ತೋಳುಗಳನ್ನು ಎಂಪಾರ್ ಮೊನ್ನೆ ಇಲಿಂಕಾಳ ಅಳತೆಗೆ ಮಡಿಚಿ ಹೊಲಿದಳು. ಹೊಲಿಯುವಾಗ ಸೂಜಿ ನಿಲ್ಲಿಸಿ ಅವನನ್ನು ನೋಡಿದ್ದಳು. ಅವನು ಆಗಲೂ ಗಡಿಯಾರ ನೋಡಿದ್ದ.

ವೊರೊ ಬರಹೇಳಿದ್ದ ಹೊತ್ತಿಗಿಂತ ಮೊದಲೇ ಇಲಿಂಕಾ ಬಂದಳು, ಒಬ್ಬಳೇ, ಕೊಂಬು ಹೊತ್ತು, ನಡೆದುಕೊಂಡು. ಹನ್ನೊಂದು ವರ್ಷದ ಹುಡುಗಿ, ಕೋಟಿನ ಹಿತ್ತಾಳೆ ಗುಂಡಿಗಳನ್ನು ಯಾರೋ ತಿಕ್ಕಿ ತಿಕ್ಕಿ ಹೊಳೆಯಿಸಿದ್ದರು. ಕೂದಲನ್ನು ಹಣೆಯ ಚರ್ಮ ಎಳೆಯುವಷ್ಟು ಬಿಗಿಯಾಗಿ ಹೆಣೆದಿದ್ದರು. ಕಾಲಲ್ಲಿ ಆ ಕೆಂಪು ಪಟ್ಟಿಯ ಬೂಟು. ಅವಳು ಮೇಜನ್ನು ನೋಡಿದಳು, ಹಂದಿತೊಡೆಯನ್ನು ನೋಡಿದಳು, ಯಾರೋ ಬೇರೆಯವರ ಹುಟ್ಟುಹಬ್ಬಕ್ಕೆ ತಪ್ಪಿ ಬಂದವಳಂತೆ ಒಂದು ಹೆಜ್ಜೆ ಹಿಂದೆ ಸರಿದಳು.

"ಮೇಷ್ಟ್ರೇ, ಇಲ್ಲಿಗೂ ಬರ್ತಾರಾ?"

"ಇಲ್ಲಿಗೇ ಬರ್ತಾರೆ ಪುಟ್ಟಿ. ನಿನಗೋಸ್ಕರ."

"ಮತ್ತೆ ನಮ್ಮನೆಗೆ?"

ವೊರೊ ಕಡುಬಿನ ತಟ್ಟೆ ಸರಿಸಿದ.

"ಕ್ಲಾಸಲ್ಲಿ ಎಲ್ರೂ ಹೇಳಿದ್ರು, ಮನೆಗೆ ಬರ್ತಾರೆ ಅಂತ. ಅಮ್ಮ ನಿನ್ನೆಯೆಲ್ಲ ಸರ್ಮಾಲೆ ಸುತ್ತಿದಾಳೆ. ಪಕ್ಕದ ತೋಟದವರ ಪಾತ್ರೆ ತಂದು ಅದರಲ್ಲೂ ಮಾಡಿದಾಳೆ. ನನಗೆ ಒಂದೂ ಕೊಡ್ಲಿಲ್ಲ, ಮೊದಲು ಬ್ಯಾಂಡಿನವರಿಗೆ ಅಂದ್ಲು."

"ಏನದು, ಸರ್ಮಾಲೆ?" ಎಂಪಾರ್ ಕೇಳಿದಳು.

"ಎಲೆಕೋಸಿನ ಎಲೇಲಿ ಅಕ್ಕಿ, ಮಾಂಸ ಸುತ್ತೋದು. ನಮ್ಮ ರೊಮೇನಿಯಾದಲ್ಲಿ ದೊಡ್ಡ ಹಬ್ಬಕ್ಕೆ ಮಾಡ್ತಾರೆ." ಹುಡುಗಿ ತನ್ನ ಕೋಟಿನ ತೋಳನ್ನು ಮೂಸಿದಳು. "ವಾಸನೆ ಬರ್ತಾ ಇದೆಯಾ?"

"ಘಮ್ ಅಂತಿದೆ ಕಣೆ," ಎಂದಳು ಎಂಪಾರ್. ಆಮೇಲೆ ಗಂಡನ ಕಡೆ ತಿರುಗಿ, ಸ್ವರ ತಗ್ಗಿಸಿ, "ವೊರೊ," ಎಂದಳು. ಅಷ್ಟೇ, ಹೆಸರು ಮಾತ್ರ. ಅವನು ಆ ಹೆಸರನ್ನು ಅವಳ ಬಾಯಲ್ಲಿ ಮದುವೆಯಾದಾಗಿನಿಂದ ಕೇಳಿದ್ದಾನೆ, ಬಿಸಿಯಾಗಿ, ತಣ್ಣಗೆ, ನಿದ್ದೆಗಣ್ಣಲ್ಲಿ, ಹೀಗೆ ಕೇಳಿರಲಿಲ್ಲ. "ಆಮೇಲೆ ಹೋಗ್ತಾರೆ, ಅಲ್ಲಿಗೂ ಹೋಗ್ತಾರೆ," ಎಂದ, ಇಬ್ಬರಿಗೂ ಅಲ್ಲದೆ ಹಂದಿತೊಡೆಗೆ ಹೇಳುವವನಂತೆ. ಎಲೆಕೋಸಿನ ವಾಸನೆ ನಿಜವಾಗಿಯೂ ಬರುತ್ತಿತ್ತು, ಮಗನಿಗೆಂದು ಹೊಲಿದ ಆ ಕೋಟಿನಿಂದ. ಹಳ್ಳದಾಚೆ ಬಾಗಿಲಲ್ಲಿ ನಿಂತು ಬೀದಿಯ ಕಡೆ ಕಿವಿಕೊಟ್ಟ ಒಬ್ಬ ಹೆಂಗಸನ್ನು ಅವನು ಕಾಣಬಾರದೆಂದರೂ ಕಂಡ. ಗಾಳಿ ಆ ಕಡೆಗೇ ಬೀಸುತ್ತಿತ್ತು. ಬ್ಯಾಂಡಿನ ಸದ್ದು ಅವಳಿಗೆ ಚೆನ್ನಾಗಿ ಕೇಳಿಸುತ್ತದೆ. ಹತ್ತಿರ ಬರದೆ ನಿಲ್ಲುವುದೂ ಕೇಳಿಸುತ್ತದೆ. ಈಗಲಾದರೂ ವ್ಯಾನು ತೆಗೆದು ಓಡಿದರೆ ಫಿನಾಳನ್ನು ಚರ್ಚಿನ ತಿರುವಿನಲ್ಲಿ ತಡೆಯಬಹುದು. ಆಗ ಕಾಲಿನಡಿ ನೆಲ ಮೆಲ್ಲಗೆ ಅದುರಿತು. ದುಮ್, ದುಮ್. ಹೆಜ್ಜೆಹಾಕಲೆಂದೇ ಹುಟ್ಟಿದ ಪಾಸೊದೊಬ್ಲೆಯ ಗತ್ತು, ಬೀದಿಯ ಎರಡೂ ಗೋಡೆಗಳ ನಡುವೆ ಇಕ್ಕಟ್ಟಾಗಿ, ಕಿಟಕಿಯ ಗಾಜುಗಳನ್ನು ನಡುಗಿಸುತ್ತ ಬಂದೇಬಿಟ್ಟಿತು. ವೊರೊನ ಎದೆ, ಹೇಳಲು ನಾಚಿಕೆ, ಹಿಗ್ಗಿತು. ಅಷ್ಟೆಲ್ಲ ಗೊತ್ತಿದ್ದೂ ಹಿಗ್ಗಿತು. ನೆರೆಯವರು ಮಹಡಿಗಳಿಂದ ಬಾಗಿ ನೋಡುತ್ತಿದ್ದರು, ಹಿತ್ತಾಳೆಯ ಮೇಲೆ ಬಿದ್ದ ಬಿಸಿಲು ಅವನ ಗೋಡೆಯ ಮೇಲೆ ಕುಣಿಯುತ್ತಿತ್ತು, ಮತ್ತು ಇಡೀ ಬ್ಯಾಂಡು, ತನ್ನ ಬಾಗಿಲಿಗೆ, ತನ್ನ ಬಾಗಿಲಿಗೆ.

ಸದ್ದು ನಿಂತಿತು. ಫಿನಾ ಕೈಚೀಲ ಸರಿಪಡಿಸಿಕೊಂಡು ಮುಂದೆ ಬಂದು ಹುಡುಗಿಯ ಎರಡೂ ಕೆನ್ನೆಗೆ ಮುತ್ತಿಟ್ಟಳು. "ನಮ್ಮ ಕೊಂಬಿನ ಹುಡುಗಿ! ಎಲ್ಲಮ್ಮಾ ನಿನ್ನ ತಾಯಿ? ಮೊದಲ ಲೋಟ ಅವಳ ಕೈಯಿಂದ್ಲೇ."

"ಮನೇಲಿ," ಎಂದಳು ಇಲಿಂಕಾ. "ಬಾಗಿಲಲ್ಲಿ ಕಾಯ್ತಿದಾಳೆ. ನೀವು ಬರ್ತೀರಿ ಅಂತ."

ತೋಫೊಲ್ ಆಗಲೇ ಒಂದು ಕಡುಬನ್ನು ಬಾಯಿಗೆ ಹಾಕಿಕೊಂಡಿದ್ದ, ಅಗಿಯುವುದನ್ನು ನಿಲ್ಲಿಸಿದ. ಫಿನಾ ನಿಧಾನವಾಗಿ ವೊರೊನ ಕಡೆ ತಿರುಗಿದಳು. "ನೀನು ಹೇಳಿದ್ದೇನು?"

ಆಗ ವೊರೊ ಮಾಡಿದ್ದನ್ನು ಬೆನಿಮೊರ ಎಂದಿಗೂ ಮರೆಯಲಾರದು. ಅವನು ಕುರ್ಚಿಯ ಮೇಲೆ ಹತ್ತಿ ನಿಂತ. ಟೋಪಿ ತೆಗೆದ. "ಬಂಧುಗಳೇ, ತಪ್ಪು ನನ್ನದು! ಆ ತಾಯಿ ಏನೂ ಕೇಳಿಕೊಂಡಿಲ್ಲ, ನನ್ನ ಬಾಗಿಲಿನ ಆಸೆಗೆ ನಾನೇ ಸುಳ್ಳು ಹೇಳಿದೆ!" ಎಂದು ಗುಡುಗಿದ. ಮಹಡಿಗಳಲ್ಲಿದ್ದ ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು, ಬೀದಿಯ ಕಾಲುವೆ ಕಣ್ಣೀರಿನಿಂದ ತುಂಬಿ ಹರಿಯಿತು. ವೊರೊ ಹಂದಿತೊಡೆಯನ್ನು ಹೆಗಲಿಗೆ ಹೊತ್ತು, ಇನ್ನೊಂದು ಕೈಯಲ್ಲಿ ಬೊಂಬಾರ್ದಿನೊ ಹಿಡಿದು, ಹುಡುಗಿಯ ಪಕ್ಕದಲ್ಲಿ ಮುಂದೆ ನಡೆದ. ಅವರು ದಾಟುವಾಗ ಒಣಹಳ್ಳದಲ್ಲಿ ನೀರು ಬಂತು. ಕಪ್ಪೆಗಳು ತಾಳ ಹಾಕಿದವು. ವಿಯೊರಿಕಾ ಓಡಿಬಂದು ಅವನ ಕೈ ಹಿಡಿದುಕೊಂಡಳು.

ಈ ಕಥೆಯನ್ನು ನಾನು ಅಲ್ಲಿಂದೀಚೆಗೆ ಹೀಗೆಯೇ ಹೇಳುತ್ತಿದ್ದೆ. ಮೊನ್ನೆ ಪಕ್ಕದೂರಿನ ಬ್ಯಾಂಡಿನವರು ಮನೆಗೆ ಬಂದಾಗಲೂ ಹೇಳಿದೆ. ಕಪ್ಪೆಗಳವರೆಗೆ ಬಂದಿದ್ದೆ. ಎಂಪಾರ್ ಬಟಾಣಿ ಬಿಡಿಸುತ್ತ ಕೂತಿದ್ದವಳು ತಲೆಯೆತ್ತದೆ, "ವೊರೊ, ನೀನು ಕುರ್ಚಿ ಹತ್ತಲಿಲ್ಲ," ಎಂದಳು. ಬಂದವರು ನಕ್ಕರು. ಅವಳು ನಗಲಿಲ್ಲ. "ಹೇಳೋದಾದ್ರೆ ಆದದ್ದನ್ನ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ."

ವೊರೊ ನಾನೇ. ನಾಚಿಕೆಯಾದಾಗ ನಾನು ನನ್ನನ್ನು ಅವನು ಅನ್ನುತ್ತೇನೆ. ಸ್ವಲ್ಪ ದೂರ ಸಿಗುತ್ತದೆ, ಸೇತುವೆಯ ಮೇಲೆ ವ್ಯಾನು ನಿಲ್ಲಿಸಿದ ಹಾಗೆ. ನಾನು ಕುರ್ಚಿ ಹತ್ತಲಿಲ್ಲ. ಫಿನಾ ಕೇಳಿದಾಗ ನಾನು ನಕ್ಕೆ. ನಕ್ಕು, ಹುಡುಗಿಯ ತಲೆಯ ಮೇಲೆ ಕೈಯಿಟ್ಟು, "ಮಕ್ಕಳು ಏನೇನೋ ಹೇಳ್ತಾವೆ ಫಿನಾ. ಇದಕ್ಕೆ ಸರಿಯಾಗಿ ಅರ್ಥ ಆಗಿಲ್ಲ, ಭಾಷೆ ನೋಡು," ಎಂದೆ. ಆ ಹುಡುಗಿ ನಮ್ಮ ಭಾಷೆಯನ್ನು ನನಗಿಂತ ಚೆನ್ನಾಗಿ ಮಾತಾಡುತ್ತಾಳೆ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನ್ನ ಅಂಗೈಯ ಕೆಳಗೆ ಅವಳ ಬಿಗಿ ಜಡೆಯ ಬುಡ ಬಿಸಿಯಾಗಿತ್ತು. ಅವಳು ತಲೆಯನ್ನು ಮೆಲ್ಲಗೆ, ಯಾರಿಗೂ ನೋವಾಗದ ಹಾಗೆ, ನನ್ನ ಕೈಯ ಕೆಳಗಿನಿಂದ ತೆಗೆದುಕೊಂಡಳು. ನನ್ನ ಮುಖವನ್ನು ನೋಡಿದಳು. ಸಿಟ್ಟಿರಲಿಲ್ಲ. ಬೂಟು ಬಿಚ್ಚು ಎಂದಾಗ ನೋಡಿದ ಹಾಗೆಯೇ, ದೊಡ್ಡವರಿಗೆ ಹೀಗೆಲ್ಲ ಬೇಕಾಗುತ್ತದೇನೋ ಎಂಬಂತೆ. ಆಮೇಲೆ ಕೊಂಬನ್ನು ತೋಳಿಗೆ ಸಿಕ್ಕಿಸಿಕೊಂಡು ಬೀದಿಯಲ್ಲಿ ನಡೆದಳು, ಹಳ್ಳದ ಕಡೆಗೆ. ಓಡಲಿಲ್ಲ. ಮೊದಲು ಹೊರಟವನು ತೋಫೊಲ್. ಅಗಿದ ಕಡುಬನ್ನು ಕರವಸ್ತ್ರಕ್ಕೆ ಉಗಿದು, ಡೋಲನ್ನು ಹೊಟ್ಟೆಗೆ ಏರಿಸಿಕೊಂಡು, ಮಂಡಿ ಎಳೆಯುತ್ತ ಅವಳ ಹಿಂದೆ ಹೋದ, ದುಮ್ ಎಂದು ಒಂದು ಪೆಟ್ಟು ಕೊಟ್ಟ. ಆಮೇಲೆ ಎಲ್ಲರೂ. ಫಿನಾ ಕೊನೆಯಲ್ಲಿ ಹೊರಟಳು. ಹೊರಡುವಾಗ, "ಎಂಪಾರ್, ನೀನು ಬಾ," ಎಂದಳು. ನನ್ನ ಹೆಸರು ಹೇಳಲಿಲ್ಲ. ಎಂಪಾರ್ ಅಡುಗೆಯ ಏಪ್ರನ್ ಬಿಚ್ಚಿ ಮೇಜಿನ ಮೇಲಿಟ್ಟು ಹೋದಳು. ನಾನು ಒಳಗೆ ಬಂದು ಕಿಟಕಿಯ ಹಲಗೆಗಳನ್ನು ಮುಚ್ಚಿದೆ. ಪಾಸೊದೊಬ್ಲೆ ದೂರವಾಗುತ್ತ, ಚಿಕ್ಕದಾಗುತ್ತ, ಹಳ್ಳದ ತಗ್ಗಿನಲ್ಲಿ ಒಮ್ಮೆ ಪೂರ್ತಿ ಮುಳುಗಿ, ಆಚೆ ದಡದಲ್ಲಿ ಮತ್ತೆ ಎದ್ದಿತು. ಬೊಂಬಾರ್ದಿನೊ ಇಲ್ಲದ ಪಾಸೊದೊಬ್ಲೆ. ನಾನಿಲ್ಲದಿದ್ದರೆ ಅದು ಕುಸಿದು ಬೀಳುತ್ತದೆಂದು ಯಾವಾಗಲೂ ಹೇಳುತ್ತಿದ್ದೆ. ಬೀಳಲಿಲ್ಲ.

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಇಲಿಂಕಾ. ಎರಡು ಕೈಯಲ್ಲೂ ಬಟ್ಟೆ ಮುಚ್ಚಿದ ಮಣ್ಣಿನ ತಟ್ಟೆ.

"ಅಮ್ಮ ಕೊಟ್ಟು ಕಳಿಸಿದ್ಲು. ನೀವು ಯಾಕೆ ಬರಲಿಲ್ಲ ಅಂತ ಕೇಳಿದ್ಲು."

ನಾನು ತಟ್ಟೆಯ ಮೇಲಿನ ಬಟ್ಟೆಯನ್ನು ನೋಡಿದೆ.

"ಜ್ವರ ಅಂತ ಹೇಳಿದೀನಿ," ಎಂದಳು. "ಹಳ್ಳದ ಹತ್ತಿರ ಫಿನಾಗೂ ಹೇಳ್ದೆ, ಅಮ್ಮನಿಗೆ ಬೇರೆ ಏನೂ ಹೇಳಬೇಡಿ ಅಂತ. ಅಮ್ಮ ನಿಮ್ಮ ಬಗ್ಗೆ ರೊಮೇನಿಯಾದಲ್ಲಿರೋ ಅಜ್ಜಿಗೆಲ್ಲ ಫೋನಲ್ಲಿ ಹೇಳ್ತಾ ಇರ್ತಾಳೆ."

ತಟ್ಟೆ ಕೊಟ್ಟು ಹೋದಳು. ಮೇಷ್ಟ್ರೇ ಎನ್ನಲಿಲ್ಲ. ನಾನು ಅಡುಗೆಮನೆಯಲ್ಲಿ, ಆ ಕ್ಯಾಲೆಂಡರಿಗೆ ಬೆನ್ನು ಹಾಕಿ, ನಿಂತುಕೊಂಡೇ ತಿಂದೆ. ಬೆಚ್ಚಗಿತ್ತು, ಹುಳಿಯಿತ್ತು, ಎಲೆ ಹಲ್ಲಿಗೆ ಸಿಕ್ಕಿ ಬಿಟ್ಟುಕೊಳ್ಳುತ್ತಿತ್ತು. ಬಡಾಯಿಯಲ್ಲ, ಅಷ್ಟು ರುಚಿಯಾದದ್ದನ್ನು ನಾನು ತಿಂದಿರಲಿಲ್ಲ. ಇನ್ನೂ ಬೇಕು ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆ ತಟ್ಟೆ ಬಹಳ ದಿನ ಕಪಾಟಿನಲ್ಲಿ ಉಳಿಯಿತು. ವ್ಯಾನನ್ನು ಶನಿವಾರಗಳಂದು ತೋಫೊಲ್ ಓಡಿಸತೊಡಗಿದ. ನಾನು ಅದನ್ನೂ ನನ್ನ ಮಂಡಿನೋವು ಎಂದು ಹೇಳಿಕೊಂಡು ತಿರುಗಿದೆ. ಪಕ್ಕದೂರಿನವರ ಎದುರು ಎಂಪಾರ್ ಹಾಗೆ ಹೇಳಿದ ಮರುದಿನ ತಟ್ಟೆಯನ್ನು ತೊಳೆದು, ಕಡುಬು ತುಂಬಿಸಿ, ಮತ್ತೆ ತೆಗೆದು, ಬರಿದೇ ಹಿಡಿದುಕೊಂಡು ಹೊರಟೆ. ಸೇತುವೆಯವರೆಗೆ ಕಾಲಿಗೆ ದಾರಿ ಗೊತ್ತಿತ್ತು, ಅಲ್ಲಿಂದಾಚೆ ಗೊತ್ತಿರಲಿಲ್ಲ. ಮರಗಳ ನಡುವೆ ಒಂದು ಕಾಲುದಾರಿ, ಎರಡೂ ಬದಿ ಸುಣ್ಣ ಬಳಿದ ಕಲ್ಲುಗಳು. ಬಾಗಿಲು ಹಸಿರು ಬಣ್ಣದ್ದು. ಇಲಿ ಬಾಗಬೇಕಾಗಿರಲಿಲ್ಲ, ನಾನೂ ಬಾಗಬೇಕಾಗಿರಲಿಲ್ಲ. ಮನೆಯ ಮುಂದೆ ಕಿತ್ತಳೆ ಮರಗಳ ಕೆಳಗೆ, ಹಳೆಯ ಬಾಗಿಲುಗಳನ್ನು ಹಣ್ಣಿನ ಪೆಟ್ಟಿಗೆಗಳ ಮೇಲೆ ಸಾಲಾಗಿ ಜೋಡಿಸಿ ಮಾಡಿದ ಮೇಜು ಇನ್ನೂ ಹಾಗೆಯೇ ಇತ್ತು, ಈ ಮರದಿಂದ ಆ ಮರಕ್ಕೆ, ಅಲ್ಲಿಂದ ಮುಂದಿನದಕ್ಕೆ. ಇಡೀ ಬ್ಯಾಂಡು ಕೂತು, ಡೋಲಿಗೂ ಒಂದು ಕುರ್ಚಿ ಹಾಕಿ, ಮೇಲೆ ನನ್ನಂಥ ಒಬ್ಬನಿಗೆ ಜಾಗ ಉಳಿಯುತ್ತಿತ್ತು. ಒಳಗೆ ಯಾರೋ ಕೊಂಬಿನಲ್ಲಿ ಸ್ವರಗಳನ್ನು ಏರಿಸಿ ಇಳಿಸಿ ಅಭ್ಯಾಸ ಮಾಡುತ್ತಿದ್ದರು.

ವಿಯೊರಿಕಾ ಹೊರಗೆ ಬಂದಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡು, ನನ್ನನ್ನು ಕಂಡು, ಮುಖವಿಡೀ ಅರಳಿಸಿ ನಕ್ಕಳು.

"ಬನ್ನಿ, ಒಳಗೆ ಬನ್ನಿ! ಜ್ವರ ಹೋಯ್ತು?" ಎಂದು, ತಟ್ಟೆಯ ಬದಲು ನನ್ನ ಕೈಯನ್ನೇ ಹಿಡಿದುಕೊಂಡಳು, ಬಿಸಿಯಿದೆಯೇ ಎಂದು ನೋಡಲು. "ಎಷ್ಟು ದಿನ ಜ್ವರ! ಬಹಳ ದೊಡ್ಡ ಜ್ವರ?"

ಬಹಳ ದೊಡ್ಡ ಜ್ವರ. ಬಾಯಿ ತೆರೆದರೆ ಸಾಕಿತ್ತು. ಡಾಕ್ಟರು ಆಸೆ ಬಿಟ್ಟಿದ್ದರು ಎನ್ನಬಹುದಿತ್ತು, ಹಾಸಿಗೆಗೆ ಬೆಂಕಿ ಹತ್ತಿತ್ತು ಎನ್ನಬಹುದಿತ್ತು, ಅವಳು ನಂಬುತ್ತಿದ್ದಳು, ಒಳಗಿದ್ದವಳೂ ನನ್ನನ್ನು ಕಾಪಾಡುತ್ತಿದ್ದಳು. ನನ್ನ ಕೈ ಅವಳ ಒರಟು ಅಂಗೈಯಲ್ಲಿ ತಣ್ಣಗಿತ್ತು.

"ಜ್ವರ ಇರಲಿಲ್ಲ," ಎಂದೆ.

ಒಳಗೆ ಕೊಂಬು ಅರ್ಧ ಸ್ವರದಲ್ಲಿ ನಿಂತಿತು.

"ನನಗೆ ಜ್ವರ ಬಂದಿರಲಿಲ್ಲ, ವಿಯೊರಿಕಾ. ಬ್ಯಾಂಡು ಇಲ್ಲಿಗೆ ಬರೋದು ಬೇಡ ಅಂತ ನೀವು ಹೇಳಿದ್ದೀರಿ ಅಂತ ನಾನೇ ಅವರಿಗೆ ಹೇಳಿದ್ದೆ."